ಮೇಲ್ಮಾಳಿಗೆಯಿಂದ ಇಳಿದವರು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಕರಾವಳಿಯಲ್ಲಿ, ದಕ್ಷಿಣ ಕರೊಲೈನ ಸಂಸ್ಥಾನಕ್ಕೆ ಸೇರಿದ ಸೇಂಟ್ ಹೆಲೀನ ಎಂಬ ದ್ವೀಪವೊಂದುಂಟು. ಉದ್ದನೆಯ ನಯವಾದ ಎಳೆಯ ಹತ್ತಿಗೆ ಆ ಸೀಮೆ ಹಿಂದೆ ಹೆಸರಾಗಿತ್ತು. ಅಲ್ಲಿ ೧೮೫೫ನೆಯ ಇಸವಿಯಲ್ಲಿ ಇಟ್ಟಿಗೆಯಿಂದ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿದರು. ಗೋಡೆಯನ್ನು ಎಬ್ಬಿಸಿದವರು ಹತ್ತಿಯ ತೋಟಗಳ ದಾಸರು. ಕೆಲಸ ಮುಗಿದ ಮೇಲೆ ಕೆಳಗಿನ ಪೀಠಗಳಲ್ಲಿ ಒಡೆಯರು ಕುಳಿತರು; ಕಟ್ಟಿದವರಿಗೆ ಮೇಲ್ಮಾಳಿಗೆಯನ್ನು ತೋರಿಸಿದರು. ಇಬ್ಬರೂ ಒಂದೇ ಮತದವರು. ನೀರಿನಲ್ಲಿ ಮುಳುಗಿ ಒಂದೇ ದೀಕ್ಷೆಯನ್ನು ಪಡೆದವರು. ಆರು ವರ್ಷಗಳಾದ ಮೇಲೆ ಒಂದು ದಿನ ಕೆಳಗಿನ ಪೀಠಗಳೆಲ್ಲ ಬರಿದಾದುವು. ಮೇಲಿದ್ದವರು ಇಳಿದುಬಂದು ಅವುಗಳಲ್ಲಿ ಕುಳಿತರು. ಅಮೆರಿಕದ ಅಂತರ್ಯುದ್ಧದ ವಿಷಯದಲ್ಲಿ ನಾವು ಓದಿದ ದೊಡ್ಡ ದೊಡ್ಡ ಕದನಗಳ ವರ್ಣನೆಗಳಿಗಿಂತ ಈ ಸಣ್ಣ ಸಂಗತಿಯೇ ನಮ್ಮ ಮನಸ್ಸಿನಲ್ಲಿ ಹೆಚ್ಚು ದಿನ ನಿಂತಿತು. ಆದುದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇವೆ.

ಆ ಮಂದಿರದವರು ಬ್ಯಾಪ್ಟಿಸ್ಟರೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಈ ಹೆಸರು ನಮ್ಮವರಿಗೆ ತೀರ ಹೊಸದಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚುಕೂಟವನ್ನು ನಡೆಯಿಸಿದ ವಿಲಿಯಂ ಕೇರಿಯವರು ಇದೇ ಪಂಗಡದವರು. ೧೮೧೭ರಲ್ಲಿ ಅವರು ಅಲ್ಲಿಂದ ಒಂದು ಕನ್ನಡ ವ್ಯಾಕರಣವನ್ನೂ ಹೊರಡಿಸಿದರೆಂಬುದನ್ನು ನಮ್ಮ ಭಾಷೆಯ ಚರಿತ್ರೆಯನ್ನು ಬಲ್ಲವರು ಮರೆಯಲಾರರು. ಬ್ಯಾಪ್ಟಿಸ್ಟರಲ್ಲಿ ಹಸುಳೆಗಳಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ತಿಳಿದವನು ತಾನಾಗಿ ನಂಬಿ ಬಂದು, ಹೊಳೆಯಲ್ಲಿಯೋ ಕೊಳದಲ್ಲಿಯೋ ಪೂರ್ತಿಯಾಗಿ ಮುಳುಗಿ ಏಳಬೇಕು. ಅವರಿಗೆ ಮಹಾಪೀಠವೂ ಇಲ್ಲ, ಪೀಠಾಧಿಪತಿಯೂ ಇಲ್ಲ. ಒಂದೊಂದು ಊರಿನ ಸಭೆಯೂ ತನಗೆ ತಾನೇ ಒಡತಿ. ಬೋಧಕನನ್ನು ಆರಿಸುವುದೂ ತೆಗೆಯುವುದೂ ಸಭೆಯ ಇಚ್ಛೆ. ಇಂಥ ಏರ್ಪಾಡು ಬಡವರಿಗೂ ಅಕ್ಷರಬಾರದವರಿಗೂ ಹಿಡಿಸಿದುದು ಸಹಜ. ದಾಸರಿಗೂ ಅದು ಹಿಡಿಸಿತು. ಆದರೆ ಇದರಲ್ಲೊಂದು ತೊಡಕೂ ಉಂಟು: ಮೇಲೆ ಕೇಳುವವರಿಲ್ಲದ ಸಭೆಯು ತನ್ನ ಊರು ಹೇಗೆ ಯೋಚಿಸುವುದೋ ಹಾಗೆಯೇ ಯೋಚಿಸತೊಡಗುತ್ತದೆ.

ಮೊದಲು ಹಾಗಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ೧೭೯೦ರಲ್ಲಿ ವರ್ಜೀನಿಯದ ಬ್ಯಾಪ್ಟಿಸ್ಟರು ಕೂಡಿ, ದಾಸ್ಯವು ಮನುಷ್ಯನ ಸಹಜವಾದ ಹಕ್ಕನ್ನು ಬಲಾತ್ಕಾರದಿಂದ ಕಸಿದುಕೊಳ್ಳುವ ಕಾರ್ಯವೆಂದು ನಿರ್ಣಯಮಾಡಿದ್ದರು. ಅನಂತರ ಹತ್ತಿಯ ಬೆಲೆ ಏರಿತು. ಬೋಧಕರೂ ತೋಟದ ಒಡೆಯರಾದರು. ನಿರ್ಣಯ ದಫ್ತರದಲ್ಲಿ ಉಳಿಯಿತು. ೧೮೬೦ರ ಹೊತ್ತಿಗೆ ದೇಶದಲ್ಲಿ ಸುಮಾರು ೪೦ ಲಕ್ಷ ಜನರು ದಾಸ್ಯದಲ್ಲಿದ್ದರು.

ಈ ಕಥೆಯಲ್ಲಿ ಇಬ್ಬರು ಮುಖ್ಯರು. ಇಬ್ಬರೂ ಸೇಂಟ್ ಹೆಲೀನದ ನೆರೆಯ ಬ್ಯೂಫರ್ಟ್ ಸೀಮೆಯವರು, ಇಬ್ಬರೂ ತೋಟದ ಒಡೆಯರು, ಇಬ್ಬರೂ ಬ್ಯಾಪ್ಟಿಸ್ಟ್ ಬೋಧಕರು.

ಮೊದಲನೆಯವರು ರಿಚರ್ಡ್ ಫುಲ್ಲರರು. ವಕೀಲಿಯನ್ನು ಬಿಟ್ಟು ಬೋಧಕರಾದವರು. ಬ್ಯೂಫರ್ಟ್ ಪಟ್ಟಣದ ಸಭೆಯನ್ನು ಹದಿನೈದು ವರ್ಷ ನಡೆಯಿಸಿದವರು. ಮಾತಿನಲ್ಲಿ ಮೃದು, ವಾದದಲ್ಲಿ ಗಟ್ಟಿಗ. ಉತ್ತರದಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಫ್ರಾನ್ಸಿಸ್ ವೇಲೆಂಡರಿಗೂ ಇವರಿಗೂ ದಾಸ್ಯದ ವಿಷಯವಾಗಿ ನಡೆದ ಪತ್ರವ್ಯವಹಾರವು ೧೮೪೫ರಲ್ಲಿ ಪುಸ್ತಕವಾಗಿ ಬಂದಿತು. ಇಬ್ಬರೂ ಒಬ್ಬರನ್ನೊಬ್ಬರು ಸಹೋದರರೆಂದೇ ಸಂಬೋಧಿಸಿದ್ದಾರೆ. ಒಂದು ಬಿರುನುಡಿಯೂ ಬಾರದಂತೆ ಎಚ್ಚರವಹಿಸಿದ್ದಾರೆ. ಧರ್ಮಗ್ರಂಥದ ಕಾಲದಲ್ಲಿ ದಾಸರಿದ್ದರು, ಗ್ರಂಥವು ಅದನ್ನು ನಿಷೇಧಿಸಲಿಲ್ಲ, ಆದುದರಿಂದ ಅದು ಸ್ವಭಾವತಃ ಪಾಪವಾಗಲಾರದು ಎಂಬುದು ಫುಲ್ಲರರ ಪಕ್ಷ. ಗ್ರಂಥದ ತತ್ತ್ವವನ್ನು ಕೊನೆಯವರೆಗೆ ಒಯ್ದರೆ ದಾಸ್ಯ ನಿಲ್ಲದೆಂಬುದು ವೇಲೆಂಡರ ಪಕ್ಷ. ಇಷ್ಟು ಸೌಜನ್ಯದ ವಾದವನ್ನು ಎಲ್ಲಿಯೂ ಕಾಣುವುದು ಅಪರೂಪ. ಆದರೆ ಯಾರ ವಿಷಯವಾಗಿ ವಾದ ನಡೆಯಿತೋ ಅವರಲ್ಲಿ ಒಬ್ಬನನ್ನೂ ಇಬ್ಬರೂ ಸಾಕ್ಷಿಗೆ ಕರೆಯಲಿಲ್ಲ. ಹಿಂದಿನ ಕಾಲದಲ್ಲಿ ನಮ್ಮ ಗುಡಿಗಳ ಪ್ರಾಕಾರದ ಹೊರಗೆ ಯಾರು ನಿಲ್ಲಬೇಕೆಂಬ ಚರ್ಚೆಯೂ ಒಳಗೆ ನಿಂತವರ ನಡುವೆಯೇ ನಡೆಯುತ್ತಿತ್ತೆಂಬುದನ್ನು ನೆನೆದು, ನಾವು ಈ ವಿಷಯದಲ್ಲಿ ದೊಡ್ಡ ಮಾತನ್ನಾಡಲು ಹಿಂಜರಿಯುತ್ತೇವೆ.

ಪುಸ್ತಕ ಬಂದ ವರ್ಷವೇ ಮನೆ ಒಡೆಯಿತು. ದಾಸರ ಒಡೆಯನಾದವನೊಬ್ಬನನ್ನು ಮಿಷನರಿಯಾಗಿ ನೇಮಿಸಬೇಕೆಂದು ಜಾರ್ಜಿಯದವರು ಕೇಳಿದ್ದರು, ಮಂಡಲಿ ಒಪ್ಪಲಿಲ್ಲ. ೧೮೪೫ರ ಮೇ ತಿಂಗಳಲ್ಲಿ ಜಾರ್ಜಿಯದ ಅಗಸ್ಟ ಎಂಬ ಪಟ್ಟಣದಲ್ಲಿ ದಕ್ಷಿಣದವರು ನೆರೆದು ತಮ್ಮದೇ ಬೇರೆ ಮಹಾಸಭೆಯನ್ನು ಸ್ಥಾಪಿಸಿಕೊಂಡರು. ದೇಶ ಎರಡಾಗುವುದಕ್ಕೆ ಹದಿನಾರು ವರ್ಷಗಳ ಮೊದಲೇ ಪ್ರಾರ್ಥನೆ ಎರಡಾಯಿತು. ಆ ಮಹಾಸಭೆಯವರು ೧೯೯೫ರಲ್ಲಿ, ಸರಿಯಾಗಿ ನೂರೈವತ್ತು ವರ್ಷಗಳಾದ ಮೇಲೆ, ತಮ್ಮ ಹುಟ್ಟಿನಲ್ಲಿ ದಾಸ್ಯದ ಪಾತ್ರವಿತ್ತೆಂದು ಒಪ್ಪಿ ಕ್ಷಮೆ ಯಾಚಿಸಿದರು. ತಡವಾಯಿತೆನ್ನುವವರು ಎನ್ನಲಿ; ಒಪ್ಪಿಕೊಳ್ಳದ ಸಂಸ್ಥೆಗಳು ಲೋಕದಲ್ಲಿ ಬಹಳವುಂಟು.

ಎರಡನೆಯವರು ವಿಲಿಯಂ ಹೆನ್ರಿ ಬ್ರಿಸ್ಬೇನರು. ಇವರೂ ಮೊದಲು ದಾಸ್ಯವನ್ನು ಸಮರ್ಥಿಸಿ ಬರೆಯುತ್ತಿದ್ದವರೇ. ಎದುರು ಪಕ್ಷವನ್ನು ಖಂಡಿಸಲು ಹೊರಟು, ವಿಚಾರಮಾಡುತ್ತ ಮಾಡುತ್ತ ತಮ್ಮ ಪಕ್ಷವೇ ಕುಸಿಯುವುದನ್ನು ಕಂಡರು. ದಾಸರನ್ನು ಮಾರಿ ಉತ್ತರದ ಸಿನ್‌ಸಿನಾಟಿ ನಗರಕ್ಕೆ ಹೊರಟುಹೋದರು. ಅಲ್ಲಿಯೂ ಮನಸ್ಸು ಸುಮ್ಮನಿರಲಿಲ್ಲ: ಮಾರಿದುದರಿಂದ ತಮ್ಮ ಕೈ ತೊಳೆಯಿತೇ ಹೊರತು ಅವರ ಕಾಲಿನ ಸಂಕೋಲೆ ಕಳಚಲಿಲ್ಲವಲ್ಲ! ಅವರನ್ನು ಮತ್ತೆ ಹಣಕೊಟ್ಟು ಕೊಂಡು, ಬಿಡುಗಡೆಮಾಡಿದರು. ಊರಿನವರಿಗೂ ಬಂಧುಗಳಿಗೂ ಅವರು ಹೊರಗಾದರು.

ಇಂತಿರಲು ೧೮೬೧ನೆಯ ಇಸವಿ ಬಂದಿತು. ಫೆಬ್ರವರಿ ೧೮ರಂದು ಮಾಂಟ್‌ಗೊಮರಿ ನಗರದಲ್ಲಿ ಜೆಫರ್ಸನ್ ಡೇವಿಸರು ದಕ್ಷಿಣದ ಒಕ್ಕೂಟದ ಅಧ್ಯಕ್ಷಪದವಿಯನ್ನು ಸ್ವೀಕರಿಸಿದಾಗ ದೇವರ ಆಶೀರ್ವಾದವನ್ನು ಬೇಡಿದವರು ಬೆಸಿಲ್ ಮ್ಯಾನ್ಲಿ ಎಂಬ ವೃದ್ಧ ಬ್ಯಾಪ್ಟಿಸ್ಟ್ ಬೋಧಕರು. ಅವರೂ ದಾಸರ ಒಡೆಯರು. ಏಪ್ರಿಲಿನಲ್ಲಿ ಯುದ್ಧ ಹೊತ್ತಿತು. ಆಗ ಬಾಲ್ಟಿಮೋರ್ ನಗರದಲ್ಲಿ ಬೋಧಕರಾಗಿದ್ದ ಫುಲ್ಲರರು, ಏಪ್ರಿಲ್ ೨೨ರಂದು ಕೆಲವು ತರುಣರನ್ನು ಕರೆದುಕೊಂಡು ಲಿಂಕನರ ಬಳಿಗೆ ಹೋಗಿ, ದಕ್ಷಿಣವನ್ನು ಅದರ ಪಾಡಿಗೆ ಬಿಟ್ಟು ಶಾಂತಿಯನ್ನು ಕಾಪಾಡಬೇಕೆಂದು ಬಿನ್ನವಿಸಿದರು. ತಮ್ಮ ಊರಿನ ಮೇಲೆ ಸೈನಿಕರನ್ನು ಸಾಗಿಸಬಾರದೆಂಬುದೂ ಬಾಲ್ಟಿಮೋರಿನವರ ಬೇಡಿಕೆ. ನೆಲದಡಿ ಕೊರೆದುಹೋಗಲು ತಮ್ಮವರು ಹೆಗ್ಗಣಗಳಲ್ಲ, ಮೇಲೆ ಹಾರಲು ಹಕ್ಕಿಗಳಲ್ಲ, ನಡೆದೇ ಬರಬೇಕು ಎಂಬರ್ಥದ ಉತ್ತರ ಲಿಂಕನರಿಂದ ದೊರೆಯಿತು. ಮುಂದಿನ ತಿಂಗಳು ಸವಾನ ಪಟ್ಟಣದಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಮಹಾಸಭೆ ಸೇರಿ, ಹೊಸ ಒಕ್ಕೂಟದ ಪಕ್ಷವೇ ನ್ಯಾಯದ ಪಕ್ಷವೆಂದು ನಿರ್ಣಯಿಸಿತು. ಅಧ್ಯಕ್ಷರು ಫುಲ್ಲರರೇ. ಇತ್ತ ಉತ್ತರದ ಬ್ಯಾಪ್ಟಿಸ್ಟರು ಲಿಂಕನರ ಜಯಕ್ಕಾಗಿ ಅದೇ ದೇವರನ್ನು ಪ್ರಾರ್ಥಿಸುತ್ತಿದ್ದರು.

೧೮೬೧ರ ನವೆಂಬರ್ ೭ರಂದು ಉತ್ತರದ ಹಡಗುಗಳು ಪೋರ್ಟ್ ರಾಯಲ್ ಕೊಲ್ಲಿಯನ್ನು ಹೊಕ್ಕು ಕೋಟೆಗಳ ಮೇಲೆ ಗುಂಡಿನ ಮಳೆ ಕರೆದುವು. ದ್ವೀಪಗಳ ಕರಿಯ ಜನರು ಬಹುಕಾಲ ಆ ದಿನವನ್ನು ದೊಡ್ಡ ಫಿರಂಗಿ ಹಾರಿದ ದಿನವೆಂದೇ ಕರೆಯುತ್ತಿದ್ದರು. ಬ್ಯೂಫರ್ಟಿನ ಒಡೆಯರೂ ಸೇಂಟ್ ಹೆಲೀನದ ಒಡೆಯರೂ ಮನೆ, ಸಾಮಾನು, ಹತ್ತಿ ಎಲ್ಲವನ್ನೂ ಬಿಟ್ಟು ಓಡಿದರು. ಸುಮಾರು ಹತ್ತು ಸಾವಿರ ದಾಸರು ಹಿಂದೆ ಉಳಿದರು. ಕಾನೂನಿನ ಪ್ರಕಾರ ಅವರು ಆಗ ದಾಸರೂ ಅಲ್ಲ, ಸ್ವತಂತ್ರರೂ ಅಲ್ಲ.

ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಇಟ್ಟಿಗೆಯ ಮಂದಿರದಲ್ಲಿ ಕೆಳಗೆ ಕುಳಿತುದು. ಇನ್ನೊಂದು, ಅಕ್ಷರ ಕಲಿತುದು. ಓದುಕಲಿಸುವುದನ್ನು ದಕ್ಷಿಣ ಕರೊಲೈನದ ಶಾಸನ ಅದುವರೆಗೆ ನಿಷೇಧಿಸಿತ್ತು. ೧೮೬೨ರಲ್ಲಿ ಉತ್ತರದಿಂದ ಬಂದ ಲಾರಾ ಟೌನ್ ಮತ್ತು ಎಲೆನ್ ಮರ್ರಿ ಎಂಬ ಮಹಿಳೆಯರು ತಾವು ತೆರೆದ ಪಾಠಶಾಲೆಯು ಹಿಡಿಸದಾದಾಗ ಅದನ್ನು ಈ ಮಂದಿರಕ್ಕೇ ತಂದರು. ಒಂದೇ ಕೋಣೆಯಲ್ಲಿ ಹಲವು ತರಗತಿಗಳು. ಮಕ್ಕಳೊಡನೆ ದೊಡ್ಡವರೂ ಅಕ್ಷರ ತಿದ್ದುತ್ತಿದ್ದರು. ಬ್ಯೂಫರ್ಟ್ ಪಟ್ಟಣದಲ್ಲಿಯಾದರೋ, ಫುಲ್ಲರರು ಇಷ್ಟು ವರ್ಷ ಬೋಧಿಸಿದ್ದ ಸಭೆಯಲ್ಲಿ, ಸಾಲಮನ್ ಪೆಕ್ ಎಂಬ ಉತ್ತರದ ಬ್ಯಾಪ್ಟಿಸ್ಟ್ ಬೋಧಕರು ಬಂದು ನಿಂತರು. ಕೇಳುವವರು ಫುಲ್ಲರರ ಕಾಲದಲ್ಲಿಯೂ ಕೇಳಿದ್ದ ಕರಿಯ ಜನರೇ. ಆಜ್ಞಾಧಾರಕರಾಗಿರಿ ಎಂಬ ಪಾಠ ಮಾತ್ರ ಆ ದಿನದಿಂದ ನಿಂತಿತು.

೧೮೬೩ರ ಜನವರಿ ೧ರಂದು ಲಿಂಕನರ ವಿಮೋಚನೆಯ ಘೋಷಣೆ ಜಾರಿಗೆ ಬಂದಿತು. ಪೋರ್ಟ್ ರಾಯಲ್ ದ್ವೀಪದ ಸೈನ್ಯದ ಬಿಡಾರದಲ್ಲಿ, ಭಾರಿ ಓಕ್ ಮರಗಳ ನೆರಳಿನಲ್ಲಿ, ನಿನ್ನೆಯವರೆಗೆ ದಾಸರಾಗಿದ್ದವರಿಂದಲೇ ಕೂಡಿದ ಪಟಾಲಮೊಂದು ಸಾಲಾಗಿ ನಿಂತಿತ್ತು. ಸುತ್ತ ದ್ವೀಪಗಳಿಂದ ದೋಣಿಯಲ್ಲಿ ಬಂದ ಸಾವಿರಾರು ಹೆಂಗಸರು, ಮುದುಕರು, ಮಕ್ಕಳು. ಘೋಷಣೆಯನ್ನು ಓದಲು ಎದ್ದವರು ಯಾರು? ಇದೇ ಸೀಮೆಯಲ್ಲಿ ಹುಟ್ಟಿ, ಇದೇ ಸೀಮೆಯಿಂದ ಹೊರಗಾದ ಬ್ರಿಸ್ಬೇನರು! ಸರ್ಕಾರದ ತೆರಿಗೆ ಅಧಿಕಾರಿಯಾಗಿ ಅವರು ಅಲ್ಲಿಗೆ ಹಿಂದಿರುಗಿದ್ದರು.

ಓದಿ ಮುಗಿದು, ಪಟಾಲಮಿಗೆ ಧ್ವಜವನ್ನು ಕೊಡುವ ಹೊತ್ತಿಗೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಜನರ ನಡುವಿನಿಂದ ಕರಿಯ ಮುದುಕನೊಬ್ಬನ ಒಡಕು ದನಿ ಎದ್ದಿತು. ಇಬ್ಬರು ಹೆಂಗಸರ ದನಿಗಳು ಕೂಡಿಕೊಂಡುವು. ದೇಶವನ್ನು ನನ್ನದೆಂದು ಕರೆಯುವ ಒಂದು ಹಾಡು ಹೊರಟಿತು. ವೇದಿಕೆಯ ಮೇಲಿದ್ದ ಬಿಳಿಯರು ತಾವೂ ಹಾಡತೊಡಗಿದಾಗ ಪಟಾಲಮಿನ ಕರ್ನಲ್ ಹಿಗಿನ್ಸನ್ನರು ಅವರನ್ನು ಸುಮ್ಮನಿರಿಸಿದರು. ಈ ಸಂಗತಿಯನ್ನು ಬರೆದಿಟ್ಟವರೂ ಅವರೇ. ಅವರು ತಮ್ಮ ಬಾಳಿನಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಆ ಸುಮ್ಮನಿರಿಸಿದುದೂ ಒಂದೆಂದು ನಾವು ಎಣಿಸುತ್ತೇವೆ.

ಈ ಹಾಡನ್ನು ೧೮೩೧ರಲ್ಲಿ ಬರೆದವರು ಸಾಮ್ಯುಯೆಲ್ ಫ್ರಾನ್ಸಿಸ್ ಸ್ಮಿತ್ ಎಂಬ ಬ್ಯಾಪ್ಟಿಸ್ಟರು. ಅವರಿಗೂ ನಮ್ಮ ನೆರೆಯ ನಾಡಿಗೂ ಒಂದು ಸಂಬಂಧವುಂಟು. ತೆಲುಗು ನಾಡಿನ ನೆಲ್ಲೂರಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಇಟ್ಟಿದ್ದ ಮಿಷನನ್ನು, ಫಲ ಕಾಣದೆಂದು ೧೮೫೩ರಲ್ಲಿ ಮುಚ್ಚಿಬಿಡುವ ಮಾತು ನಡೆದಿತ್ತು. ಆಗ ಅದನ್ನು ಒಂಟಿ ನಕ್ಷತ್ರವೆಂದು ಕರೆದು ಕವಿತೆ ಕಟ್ಟಿ ಉಳಿಸಿದವರು ಇದೇ ಸ್ಮಿತ್ತರು. ಯುದ್ಧಕಾಲದಲ್ಲಿ ರಜೆಯ ಮೇಲೆ ಊರಿಗೆ ಹೋಗಿದ್ದ ಅಲ್ಲಿನ ಲೈಮನ್ ಜ್ಯುವೆಟ್ಟರು ಜಾನ್ ಕ್ಲೌ ಎಂಬ ಹೊಸಬರೊಡನೆ ೧೮೬೫ರಲ್ಲಿ ನೆಲ್ಲೂರಿಗೆ ಹಿಂದಿರುಗಿದರು. ಈ ಕ್ಲೌರವರೇ ಮುಂದೆ ಒಂಗೋಲಿನಲ್ಲಿ ನೆಲೆಸಿ, ೧೮೭೬ರ ಮಹಾಕ್ಷಾಮದಲ್ಲಿ ಬಕಿಂಗ್‌ಹ್ಯಾಂ ಕಾಲುವೆಯ ಅಗೆತದ ಗುತ್ತಿಗೆಯನ್ನು ಹಿಡಿದು ಮಾದಿಗರೇ ಮೊದಲಾದ ಬಡವರಿಗೆ ಕೂಲಿ ಒದಗಿಸಿದವರು. ಆ ಕಥೆಯನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳುತ್ತೇವೆ.

ದಕ್ಷಿಣದ ಬಿಳಿಯ ಬ್ಯಾಪ್ಟಿಸ್ಟರು ಪಟ್ಟ ಪಾಡನ್ನು ಮುಚ್ಚಿಡುವುದು ನ್ಯಾಯವಲ್ಲ. ಸಭೆಗಳಲ್ಲಿ ತರುಣರು ಇಲ್ಲದಾದರು. ವರ್ಜೀನಿಯದ ಬಿಡಾರಗಳಲ್ಲಿ, ಮುಂದಿನ ಕದನಕ್ಕಾಗಿ ಕಾಯುತ್ತಿದ್ದ ಸಿಪಾಯಿಗಳು ಸಾವಿರಗಟ್ಟಲೆ ಉಪದೇಶ ಕೇಳಿ, ರ‍್ಯಾಪಿಡಾನ್ ಮುಂತಾದ ಹೊಳೆಗಳಲ್ಲಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಅನೇಕರು ಮುಂದಿನ ಬೇಸಗೆಯನ್ನು ಕಾಣಲಿಲ್ಲ. ಉತ್ತರದ ನೌಕಾದಳ ರೇವುಗಳನ್ನು ಮುಚ್ಚಿದುದರಿಂದ ಹೊರದೇಶಗಳಲ್ಲಿದ್ದ ಮಿಷನರಿಗಳಿಗೆ ಹಣ ಹೋಗದೆ, ಚೀನದ ಶಾಂಘೈಯಲ್ಲಿದ್ದ ಮ್ಯಾಥ್ಯೂ ಯೇಟ್ಸರು ದ್ವಿಭಾಷಿಯ ಕೆಲಸ ಹಿಡಿದು ಸಂಸಾರ ಸಾಗಿಸಿದರು. ೧೮೬೪ರ ಆರಂಭದಲ್ಲಿ ಯುದ್ಧಮಂತ್ರಿ ಸ್ಟಾಂಟನ್ನರು, ಸೈನ್ಯಕ್ಕೆ ವಶವಾದ ಸೀಮೆಗಳಲ್ಲಿ ರಾಜನಿಷ್ಠೆಯಿಲ್ಲದ ಬೋಧಕರಿದ್ದ ಬ್ಯಾಪ್ಟಿಸ್ಟ್ ಮಂದಿರಗಳನ್ನು ಉತ್ತರದವರ ಮಿಷನಿಗೆ ಒಪ್ಪಿಸಬೇಕೆಂದು ಅಪ್ಪಣೆಮಾಡಿದರು. ಸಭೆಯ ಸ್ವಾತಂತ್ರ್ಯವನ್ನೇ ಮತದ ಜೀವವೆಂದು ಬಗೆದವರು ಬಂದೂಕದ ಬಲದಿಂದ ಮಂದಿರವನ್ನು ಪಡೆಯಬಹುದೇ? ಈ ಪ್ರಶ್ನೆಗೆ ಉತ್ತರದ ಬ್ಯಾಪ್ಟಿಸ್ಟರ ಬಳಿ ಒಳ್ಳೆಯ ಸಮಾಧಾನವಿತ್ತೆಂದು ನಮಗೆ ತೋರುವುದಿಲ್ಲ.

ಗ್ರೀನ್‌ವಿಲ್ ಎಂಬಲ್ಲಿ ೧೮೫೯ರಲ್ಲಿ ತೆರೆದಿದ್ದ ದಕ್ಷಿಣದವರ ಧರ್ಮಶಾಸ್ತ್ರದ ಪಾಠಶಾಲೆ ೧೮೬೨ರಲ್ಲಿ ಮುಚ್ಚಿತು. ೧೮೬೫ರಲ್ಲಿ ಮರಳಿ ತೆರೆದಾಗ ಏಳು ಮಂದಿ ವಿದ್ಯಾರ್ಥಿಗಳು. ಉಪದೇಶಕಲೆಯನ್ನು ಕಲಿಸುತ್ತಿದ್ದ ಜಾನ್ ಬ್ರಾಡಸರ ತರಗತಿಯಲ್ಲಿ ಉಳಿದವನು ಒಬ್ಬನೇ, ಅವನೂ ಕುರುಡ. ಅವನಿಗೆ ಪುಸ್ತಕದಿಂದ ಓದಿಕೊಳ್ಳಲಾಗದೆಂದು ಬ್ರಾಡಸರು ಪ್ರತಿಯೊಂದು ಪಾಠವನ್ನೂ ತುಂಬುಪರಿಷೆಗೆ ಹೇಳುವಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದರು. ಆ ಪಾಠಗಳೇ ೧೮೭೦ರಲ್ಲಿ ಪುಸ್ತಕವಾಗಿ, ಅಮೆರಿಕದ ಬೋಧಕರು ತಲೆಮಾರುಗಳ ಕಾಲ ಓದಿದ ಗ್ರಂಥವಾಯಿತು. ಇದನ್ನು ಓದಿದಾಗ ನಮ್ಮ ಕಣ್ಣು ಹನಿಗೂಡಿತು. ಆದರೆ ಆ ಪಾಠಶಾಲೆಯ ನಾಲ್ವರು ಸ್ಥಾಪಕರು ಒಟ್ಟಿನಲ್ಲಿ ೫೦ಕ್ಕೂ ಹೆಚ್ಚು ಮಂದಿ ದಾಸರನ್ನು ಇಟ್ಟುಕೊಂಡಿದ್ದರೆಂದು ಅದೇ ಪಾಠಶಾಲೆಯು ೨೦೧೮ರಲ್ಲಿ ವರದಿಮಾಡಿತು. ಬ್ರಾಡಸರೂ ಆ ನಾಲ್ವರಲ್ಲೊಬ್ಬರು. ಕುರುಡ ಹುಡುಗನೊಬ್ಬನಿಗಾಗಿ ಅಷ್ಟು ಮರುಗಿದ ಹೃದಯಕ್ಕೆ ಮನೆಯ ಹಿತ್ತಿಲಿನವರು ಕಾಣಿಸಲಿಲ್ಲ. ಎರಡೂ ನಿಜ.

ದಕ್ಷಿಣದ ರಾಜಧಾನಿ ರಿಚ್‌ಮಂಡ್. ಅಲ್ಲಿನ ಪ್ರಥಮ ಆಫ್ರಿಕನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕ ಕರಿಯ ಸದಸ್ಯರಿದ್ದರು; ಬೋಧಕನು ಮಾತ್ರ ಬಿಳಿಯನೇ ಆಗಿರಬೇಕೆಂದು ಶಾಸನ. ಊರಿನಲ್ಲಿ ಅದೇ ದೊಡ್ಡ ಭವನಗಳಲ್ಲೊಂದಾದುದರಿಂದ ರಾಜಕೀಯದವರೂ ಅದನ್ನು ಬಳಸುತ್ತಿದ್ದರು. ೧೮೬೫ರ ಫೆಬ್ರವರಿಯಲ್ಲಿ ಸೋಲು ಕಣ್ಣಿಗೆ ಕಾಣುತ್ತಿದ್ದಾಗ ಜೆಫರ್ಸನ್ ಡೇವಿಸರು ತಮ್ಮವರಿಗೆ ಧೈರ್ಯ ತುಂಬಲು ಭಾಷಣಮಾಡಿದುದು ದಾಸರ ಈ ಮಂದಿರದಲ್ಲಿ! ಏಪ್ರಿಲ್ ೩ರಂದು ಪಟ್ಟಣ ಬಿದ್ದಿತು. ಎರಡು ವರ್ಷಗಳಲ್ಲಿ ಸಭೆ ತನ್ನವನಾದ ಜೇಮ್ಸ್ ಹೋಮ್ಸರನ್ನು ಬೋಧಕರನ್ನಾಗಿ ಆರಿಸಿಕೊಂಡಿತು. ಅದೇ ೧೮೬೭ರಲ್ಲಿ, ಬಿಡುಗಡೆಯಾದವರಿಗೆ ಪಾಠಶಾಲೆ ತೆರೆಯಲು ಉತ್ತರದಿಂದ ಬಂದ ನೇಥೇನಿಯಲ್ ಕಾಲ್ವರ್ ಎಂಬ ವೃದ್ಧರಿಗೆ ಊರಿನಲ್ಲಿ ಒಬ್ಬರೂ ಮನೆ ಕೊಡಲೊಲ್ಲರು. ಕೊನೆಗೆ ಕೊಟ್ಟವರು ಮೇರಿ ಲಂಪ್ಕಿನ್ನರು. ಅವರ ಗಂಡ ದಾಸವ್ಯಾಪಾರಿ. ಆತನಿಗೇ ಹಿಂದೆ ದಾಸಿಯಾಗಿದ್ದವರು ಆಕೆ. ಕೊಟ್ಟ ಸ್ಥಳ, ಮಾರಾಟಕ್ಕೆ ತಂದ ಜನರನ್ನು ಆತ ಕೂಡಿಹಾಕುತ್ತಿದ್ದ ಬಂದೀಖಾನೆ. ಅಲ್ಲಿಯೇ ಪಾಠ ಮೊದಲಾಯಿತು. ಇಂದಿನ ವರ್ಜೀನಿಯ ಯೂನಿಯನ್ ವಿಶ್ವವಿದ್ಯಾಲಯದ ಮೂಲಗಳಲ್ಲಿ ಅದೊಂದು.

ನೆಲದ ಮಾತನ್ನು ಹೇಳದೆ ಈ ಕಥೆಯನ್ನು ಬಿಡುವಂತಿಲ್ಲ. ೧೮೬೫ರ ಜನವರಿ ೧೨ರ ರಾತ್ರಿ, ಸವಾನದಲ್ಲಿ, ಯಾವ ಪಟ್ಟಣದಲ್ಲಿ ಫುಲ್ಲರರ ಮಹಾಸಭೆ ಸೇರಿತ್ತೋ ಅಲ್ಲಿಯೇ, ದಂಡನಾಯಕ ಶರ್ಮನ್ನರೂ ಮಂತ್ರಿ ಸ್ಟಾಂಟನ್ನರೂ ಇಪ್ಪತ್ತು ಮಂದಿ ಕರಿಯ ಬೋಧಕರನ್ನು ಕರೆಸಿಕೊಂಡರು. ಅವರ ಪರವಾಗಿ ಮಾತನಾಡಿದವರು ಗ್ಯಾರಿಸನ್ ಫ್ರೇಸಿಯರ್ ಎಂಬ ೬೭ ವರ್ಷದ ಬ್ಯಾಪ್ಟಿಸ್ಟರು. ೧೮೫೭ರಲ್ಲಿ ಸಾವಿರ ಡಾಲರು ಚಿನ್ನಬೆಳ್ಳಿಯನ್ನು ತೆತ್ತು ತಮ್ಮನ್ನೂ ಹೆಂಡತಿಯನ್ನೂ ಕೊಂಡುಕೊಂಡವರು. ದಾಸ್ಯವೆಂದರೇನೆಂದು ಕೇಳಿದುದಕ್ಕೆ, ಒಬ್ಬನ ದುಡಿಮೆಯನ್ನು ಅವನ ಸಮ್ಮತಿಯಿಲ್ಲದೆ ಬಲದಿಂದ ತೆಗೆದುಕೊಳ್ಳುವುದೆಂದರು. ನಿಮಗೇನು ಬೇಕೆಂದುದಕ್ಕೆ, ಉತ್ತು ಬಿತ್ತಿ ಕ್ರಮೇಣ ಕೊಂಡುಕೊಳ್ಳಲು ನೆಲ ಬೇಕೆಂದರು. ಫುಲ್ಲರರೂ ವೇಲೆಂಡರೂ ಒಂದು ಪುಸ್ತಕದ ಉದ್ದಕ್ಕೂ ಕರೆಯದಿದ್ದ ಸಾಕ್ಷಿ ಇದೇ. ನಾಲ್ಕನೆಯ ದಿನ ಶರ್ಮನ್ನರ ಅಪ್ಪಣೆ ಹೊರಟಿತು: ಕರಾವಳಿಯ ದ್ವೀಪಗಳಲ್ಲಿಯೂ ಬತ್ತದ ಗದ್ದೆಗಳಲ್ಲಿಯೂ ಕುಟುಂಬಕ್ಕೆ ೪೦ ಎಕರೆಯವರೆಗೆ ನೆಲ. ಸುಮಾರು ನಲವತ್ತು ಸಾವಿರ ಜನ ಹೋಗಿ ನೆಲೆಸಿದರು. ಆದರೆ ಲಿಂಕನರ ಕೊಲೆಯಾದ ಮೇಲೆ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ನರು ವರ್ಷ ಕಳೆಯುವುದರೊಳಗೆ ಹಳೆಯ ಒಡೆಯರನ್ನು ಕ್ಷಮಿಸಿ ನೆಲವನ್ನು ಅವರಿಗೇ ಹಿಂದಿರುಗಿಸಿದರು. ಬೆಳೆ ನಿಂತ ಹೊಲಗಳಿಂದ ಜನರನ್ನು ಎಬ್ಬಿಸಿದರು.

ಸೇಂಟ್ ಹೆಲೀನದಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿನ ತೋಟಗಳನ್ನು ಸರ್ಕಾರವು ಕಂದಾಯದ ಬಾಕಿಗಾಗಿ ವಶಪಡಿಸಿಕೊಂಡು ಮಾರಿತ್ತು. ಕ್ರಯಪತ್ರವಿದ್ದ ನೆಲವನ್ನು ಅಧ್ಯಕ್ಷರ ಕ್ಷಮೆಯೂ ಕಸಿದುಕೊಳ್ಳಲಾರದೆ ಹೋಯಿತು. ಆ ಮಾರಾಟವನ್ನು ನಡೆಯಿಸಿದ ಅಧಿಕಾರಿಗಳಲ್ಲಿ ಬ್ರಿಸ್ಬೇನರೂ ಒಬ್ಬರು. ಬಿಡುಗಡೆಯಾದವರಿಗೆ ಹರಾಜಿಗೆ ಮೊದಲೇ ನೆಲ ಹಿಡಿಯುವ ಹಕ್ಕನ್ನು ಕೊಡಬೇಕೆಂಬ ಸೂಚನೆಯನ್ನು ಅವರು ವಿರೋಧಿಸಿದರೆಂಬುದನ್ನೂ ಹೇಳಬೇಕು. ಘೋಷಣೆಯನ್ನು ಓದಿದ ಬಾಯಿಂದ ಆ ಮಾತು ಬಂದುದು ನಮಗೆ ನೋವಿನ ಸಂಗತಿ. ಆದರೂ ಜನರು ಹತ್ತಿಯ ಕೂಲಿಯನ್ನು ಕೂಡಿಟ್ಟು ಐದು, ಹತ್ತು ಎಕರೆಗಳನ್ನು ಕೊಂಡರು. ಅವರ ಸಂತತಿಯ ಅನೇಕರು ಇಂದಿಗೂ ಆ ನೆಲದಲ್ಲಿದ್ದಾರೆ. ಇಟ್ಟಿಗೆಯ ಮಂದಿರವೂ ಇದೆ. ಅಲ್ಲಿ ಇಂದಿಗೂ ಸೇರುವ ಸಭೆ ಅದನ್ನು ಕಟ್ಟಿದವರದು. ಮೇಲ್ಮಾಳಿಗೆಯನ್ನು ಅವರು ಕೆಡವಿಲ್ಲ.